‘ಹೊರಗ ಮಾಡಿಸಿದ್ರ ವಾರಂಟಿ ಹೋತ್ರಿ’

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸ ಕಾರು ಕೊಂಡವರನ್ನು ಯಾರನ್ನೇ ಕೇಳಿ, ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಗಾಲಿಗೆ ನಿಂಬೆಹಣ್ಣು ಇಟ್ಟು, ಬಾನೆಟ್‌ಗೆ ಹಾರ ಹಾಕಿ, ಪೇಢಾ ಹಂಚಿ, ಮನೆಮಂದಿಯೆಲ್ಲ ಫೋಟೊ ತೆಗೆಸಿಕೊಂಡ ಮೇಲೆ, ಕೀಲಿ ಕೈಗೆ ಬರುವ ಹೊತ್ತಿಗೆ ಸರ್ವಿಸ್ ವಿಭಾಗದ ಹುಡುಗ ಒಂದು ಪುಸ್ತಕ ತೆರೆದು ತೋರಿಸುತ್ತಾನೆ. ‘ಸರ್ವಿಸ್ ನಮ್ಮ ಕಡೇನ ಮಾಡಸ್ರೀ. ಒಂದ್ ಸಲ ಹೊರಗ ಮಾಡಿಸಿದ್ರೂ ವಾರಂಟಿ ಹೋತ್ರಿ.’ ಹೇಳುವವನಿಗೆ ಇದು ದಿನಕ್ಕೆ ಹತ್ತು ಸಲ ಹೇಳುವ ಮಾತು. ಕೇಳುವವರಿಗೆ ಮುಂದಿನ ಮೂರು ವರ್ಷ ತಲೆಯಲ್ಲಿ ಕೂತುಬಿಡುವ ಮಾತು.

ಈ ಮಾತು ನಿಜವೇ? ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಎಷ್ಟು ನಿಜ, ಎಲ್ಲಿಂದ ಸುಳ್ಳು ಎಂಬುದು ನಮಗೆ ಪುಸ್ತಕ ಓದಿ, ಆದೇಶ ಓದಿ, ಕೌಂಟರ್ ಮುಂದೆ ನಿಂತು ತಿಳಿದದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಇಲ್ಲಿ ‘ನಾವು’ ಎಂದರೆ ಧಾರವಾಡ ಜಿಲ್ಲೆಯ ತಾಲ್ಲೂಕುಗಳಿಂದ ಸುದ್ದಿ ಬರೆದು ಬದುಕುವ ಮೂವರು ಗೆಳೆಯರು. ಕಾರು ಒಬ್ಬರ ಹೆಸರಲ್ಲಿದೆ, ಕಂತು ಅವರದು. ಪೆಟ್ರೋಲು, ಪಂಕ್ಚರು, ಸರ್ವಿಸ್ ಮೂವರದು. ಸ್ಟ್ರಿಂಗರ್‌ಗಳ ಸಂಪಾದನೆ ಹೇಗಿರುತ್ತದೆ ಎಂದು ಈ ಬ್ಲಾಗ್ ಓದುವವರಿಗೆ ವಿವರಿಸಬೇಕಿಲ್ಲ. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಇವತ್ತು ನವಲಗುಂದದಲ್ಲಿ ಬೆಳೆ ಪರಿಹಾರದ ಧರಣಿ, ನಾಳೆ ಕಲಘಟಗಿಯಲ್ಲಿ ಆನೆ ಬಂತೆಂಬ ಸುದ್ದಿ, ನಾಡಿದ್ದು ಕುಂದಗೋಳದಲ್ಲಿ ಗ್ರಾಮಸಭೆ. ತಿಂಗಳಿಗೆ ಸುಮಾರು 1,500 ಕಿಲೋಮೀಟರ್ ಓಡುತ್ತದೆ ನಮ್ಮ ಕಾರು. ಅದರಲ್ಲಿ ಅರ್ಧ ಎರಿ ಹೊಲಗಳ ನಡುವಿನ ರಸ್ತೆ. ಬೇಸಿಗೆಯಲ್ಲಿ ಆ ರಸ್ತೆಯ ಧೂಳು ಹೇಗೆಂದರೆ, ಏರ್ ಫಿಲ್ಟರ್ ತೆಗೆದು ಒಮ್ಮೆ ಬಡಿದರೆ ಕಟ್ಟೆ ಕಪ್ಪಾಗುತ್ತದೆ.

ಮೊದಲ ಮೂರು ಸರ್ವಿಸ್ ಉಚಿತ. ಉಚಿತ ಎಂದರೆ ಕೂಲಿ ಮಾತ್ರ ಉಚಿತ, ಆಯಿಲ್ ಫಿಲ್ಟರ್‌ಗಳ ದುಡ್ಡು ನಾವೇ ಕೊಡಬೇಕು. ಆ ಮೂರನ್ನೂ ಡೀಲರ್ ಕಡೆಯೇ ಮಾಡಿಸಿದೆವು. 20,000 ಕಿಲೋಮೀಟರ್‌ಗೆ ಬಂದದ್ದು ಮೊದಲ ಪೂರ್ಣ ಪಾವತಿಯ ಸರ್ವಿಸ್. ಕೌಂಟರ್‌ನಲ್ಲಿ ಅಂದಾಜು ಪಟ್ಟಿ ಕೊಟ್ಟರು: 9,200 ರೂಪಾಯಿ. ಪಟ್ಟಿಯನ್ನೂ ಕಾರಿನ ಜೊತೆ ಬಂದ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಗೆರೆ ಎಳೆದೆವು. ಪತ್ರಕರ್ತರಿಗೆ ಬರುವ ಕೆಲಸವೇ ಅದು. ಪುಸ್ತಕದ ಪ್ರಕಾರ 20,000ಕ್ಕೆ ಮಾಡಬೇಕಾದದ್ದು ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ತಪಾಸಣೆ, ಗಾಲಿಗಳ ಅದಲುಬದಲು, ಅಲೈನ್‌ಮೆಂಟ್. ಅದಕ್ಕೆ ಕೂಲಿ ಸೇರಿ 5,800 ರೂಪಾಯಿ. ಉಳಿದ 3,400 ರೂಪಾಯಿ ಎಸಿಗೆ ಔಷಧ ಹೊಡೆಯುವುದು, ಎಂಜಿನ್ ಮೇಲೆ ಹೊಳಪು, ಒಳಗಿನ ಸೀಟುಗಳ ವಿಶೇಷ ತೊಳೆತ, ತಳಕ್ಕೆ ಲೇಪನ. ಇವು ಯಾವುವೂ ಪುಸ್ತಕದಲ್ಲಿಲ್ಲ. ‘ಇವನ್ನ ಬಿಟ್ರ ವಾರಂಟಿಗೆ ತೊಂದ್ರಿ ಅಕ್ಕೈತೇನ್ರಿ?’ ಎಂದು ಕೇಳಿದೆವು. ಹುಡುಗ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ‘ಮಾಡಿಸಿದ್ರ ಚೊಲೋರಿ ಸರ್’ ಅಂದ.

ಅಲ್ಲೇ ನಮಗೆ ಒಂದು ಲೆಕ್ಕ ಹೊಳೆಯಿತು. ಅದೇ ದರ್ಜೆಯ ಆಯಿಲ್, ಕಂಪನಿಯದ್ದೇ ಫಿಲ್ಟರ್ ಹಾಕಿ ಪುಸ್ತಕದ ಕೆಲಸವನ್ನಷ್ಟೇ ಮಾಡಿಕೊಡಲು ನವಲಗುಂದ ರಸ್ತೆಯ ನಮ್ಮ ಪರಿಚಯದ ಮೆಕ್ಯಾನಿಕ್ ಕೇಳಿದ್ದು 4,300. ಅಂದರೆ ಡೀಲರ್ ಮತ್ತು ಗ್ಯಾರೇಜ್ ನಡುವಿನ ನಿಜವಾದ ಅಂತರ 1,500 ರೂಪಾಯಿ. ಉಳಿದ 3,400 ರೂಪಾಯಿಯ ಅಂತರ ಬಂದದ್ದು ಸರ್ವಿಸ್‌ನಿಂದಲ್ಲ, ಹೆದರಿಕೆಯಿಂದ. ‘ವಾರಂಟಿ ಹೋತ್ರಿ’ ಎಂಬ ಮಾತು ಗಿರಾಕಿಯನ್ನು ಬಾಗಿಲೊಳಗೆ ತರುತ್ತದೆ. ಒಳಗೆ ಬಂದವನು ಅದೇ ಹೆದರಿಕೆಯಲ್ಲಿ ಪಟ್ಟಿಯ ಕೆಳಗೆ ಸಹಿ ಹಾಕುತ್ತಾನೆ. ದೂರದ ಊರಿನಿಂದ ಹುಬ್ಬಳ್ಳಿಗೆ ಬಂದವರಿಗೆ ಇದರ ಮೇಲೆ ಒಂದು ದಿನದ ಕೆಲಸವೂ ಹೋಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ವಾರಂಟಿ ಎಂದರೆ ಕಾರು ತಯಾರಿಸಿದ ಕಂಪನಿ ಕೊಡುವ ಮಾತು: ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ, ವಸ್ತುವಿನಲ್ಲಾಗಲಿ ಜೋಡಣೆಯಲ್ಲಾಗಲಿ ದೋಷವಿದ್ದರೆ ನಾವು ಉಚಿತವಾಗಿ ಸರಿಮಾಡಿಕೊಡುತ್ತೇವೆ ಎಂಬ ಮಾತು. ಇದನ್ನು ಕೊಟ್ಟವನು ಡೀಲರ್ ಅಲ್ಲ, ಕಂಪನಿ. ಹೀಗಾಗಿಯೇ ಹುಬ್ಬಳ್ಳಿಯಲ್ಲಿ ಕೊಂಡ ಕಾರಿನ ವಾರಂಟಿ ಗದಗದಲ್ಲೂ ನಡೆಯುತ್ತದೆ, ಬೆಳಗಾವಿಯಲ್ಲೂ ನಡೆಯುತ್ತದೆ. ಆ ಕಂಪನಿಯ ಅಧಿಕೃತ ವರ್ಕ್‌ಶಾಪ್ ಇದ್ದರೆ ಸಾಕು. ಕೊಂಡಲ್ಲೇ ಬರಬೇಕು ಎಂದು ಯಾರಾದರೂ ಹೇಳಿದರೆ ಅದು ಅವರ ವ್ಯಾಪಾರದ ಮಾತು.

ಸರ್ವಿಸ್ ಎಂದರೆ ಬೇರೆ. ಅದು ನಮ್ಮ ಕರ್ತವ್ಯ. ಎತ್ತಿಗೆ ಮೇವು ನೀರು ಹಾಕಿದ ಹಾಗೆ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಅದು ಕಾಯ್ದು ಕಾಯ್ದು ದಪ್ಪಗಾಗುತ್ತದೆ, ಜಿಡ್ಡು ಕಟ್ಟುತ್ತದೆ, ಎಂಜಿನ್ನಿನ ಸಣ್ಣ ದಾರಿಗಳಲ್ಲಿ ಹರಿಯುವುದಿಲ್ಲ. ಆಗ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಿಡಿದುಕೊಳ್ಳುತ್ತದೆ. ಅದು ಕಂಪನಿಯ ದೋಷವಲ್ಲ. ಹಾಗೆ ಕೆಟ್ಟ ಎಂಜಿನ್ನಿಗೆ ವಾರಂಟಿ ಕೇಳಿದರೆ ಜಗತ್ತಿನ ಯಾವ ಕಾನೂನೂ ಕೊಡಿಸುವುದಿಲ್ಲ.

ಈ ಎರಡು ಬೇರೆ ಹಗ್ಗಗಳನ್ನು ಕೂಡಿಸಿ ಒಂದೇ ಗಂಟು ಹಾಕಿದ್ದರಿಂದ ಎಲ್ಲ ಗೊಂದಲ. ‘ಸರ್ವಿಸ್ ತಪ್ಪಿಸುವುದು’ ಮತ್ತು ‘ಡೀಲರ್ ಕಡೆ ಸರ್ವಿಸ್ ತಪ್ಪಿಸುವುದು’ ಒಂದೇ ಅಲ್ಲ. ಮೊದಲನೆಯದು ಕಾರಿಗೆ ಮಾಡುವ ಅನ್ಯಾಯ. ಎರಡನೆಯದು ಮಾಡುವ ಕೈ ಬದಲಿಸುವುದು, ಅಷ್ಟೇ.

ಈ ವ್ಯತ್ಯಾಸವನ್ನು ನಮ್ಮ ದೇಶದಲ್ಲಿ ಸ್ಪಷ್ಟವಾಗಿ ಬರೆದದ್ದು ಭಾರತೀಯ ಸ್ಪರ್ಧಾ ಆಯೋಗ. ಶಂಶೇರ್ ಕಟಾರಿಯಾ ಎಂಬವರು 2011ರಲ್ಲಿ ಹೋಂಡಾ, ಫೋಕ್ಸ್‌ವ್ಯಾಗನ್, ಫಿಯಟ್ ಕಂಪನಿಗಳ ವಿರುದ್ಧ ದೂರು ತಂದಿದ್ದರು. ಬಿಡಿಭಾಗಗಳು ಹೊರಗಿನ ಗ್ಯಾರೇಜಿಗೆ ಸಿಗುವುದಿಲ್ಲ, ದೋಷ ಪತ್ತೆ ಮಾಡುವ ಉಪಕರಣ, ದುರಸ್ತಿ ಕೈಪಿಡಿ ಯಾವುದೂ ಸಿಗುವುದಿಲ್ಲ, ಕೊನೆಗೆ ಗಿರಾಕಿ ಕಂಪನಿಯ ವರ್ಕ್‌ಶಾಪಿಗೇ ಹೋಗಿ ಅವರು ಹೇಳಿದ ದರ ಕೊಡಬೇಕು ಎಂಬುದು ದೂರಿನ ತಿರುಳು. ತನಿಖೆ ಮುಂದುವರಿದಂತೆ ಮಾರುತಿ, ಟಾಟಾ, ಮಹೀಂದ್ರಾ, ಟೊಯೊಟಾ, ಫೋರ್ಡ್ ಸೇರಿ ಬೇರೆ ಕಂಪನಿಗಳೂ ಅದರೊಳಗೆ ಬಂದವು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳ ಮೇಲೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು.

ಪತ್ರಿಕೆಗಳಲ್ಲಿ ದಂಡದ ಮೊತ್ತ ದೊಡ್ಡ ಅಕ್ಷರದಲ್ಲಿ ಬಂತು. ನಮಗೆ ನಿಮಗೆ ಬೇಕಾದ ಸಂಗತಿ ಆದೇಶದ ಒಳಗಿತ್ತು. ಗಿರಾಕಿ ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನೇ ರದ್ದು ಮಾಡುವ ಸಾರಾಸಗಟು ಷರತ್ತು ಹಾಕುವಂತಿಲ್ಲ ಎಂದು ಆಯೋಗ ಹೇಳಿತು. ಹೊರಗಿನ ಗ್ಯಾರೇಜಿನ ಕೆಟ್ಟ ಕೆಲಸದಿಂದ ಹಾನಿಯಾಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು, ಅದೂ ಸಂದರ್ಭ ಅದನ್ನು ಸಮರ್ಥಿಸಿದರೆ. ಇದರ ಜೊತೆಗೆ ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಬೇಕು ಎಂದೂ ನಿರ್ದೇಶಿಸಿತು.

ಕಂಪನಿಗಳು ಸುಮ್ಮನಿರಲಿಲ್ಲ. ದಂಡದ ಜಗಳ ವರ್ಷಗಟ್ಟಲೆ ನಡೆಯಿತು. ಟೊಯೊಟಾ, ಫೋರ್ಡ್, ನಿಸ್ಸಾನ್ ಮೇಲ್ಮನವಿಗಳಲ್ಲಿ 2016ರ ಡಿಸೆಂಬರ್‌ನಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ ಕಾನೂನು ಉಲ್ಲಂಘನೆ ಆಗಿದೆ ಎಂಬ ಮೂಲ ನಿರ್ಣಯವನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಇಳಿಸಿತು.

ಹೊರದೇಶಗಳಲ್ಲಿ ಈ ಮಾತು ಇನ್ನೂ ಹಳೆಯದು. ಅಮೆರಿಕದಲ್ಲಿ 1975ರಿಂದಲೇ ಮ್ಯಾಗ್ನಸನ್-ಮಾಸ್ ಎಂಬ ವಾರಂಟಿ ಕಾಯ್ದೆ ಇದೆ. ನಮ್ಮದೇ ಬ್ರಾಂಡಿನ ಭಾಗ ಹಾಕಿಸಿದರೆ, ನಮ್ಮಲ್ಲೇ ಸರ್ವಿಸ್ ಮಾಡಿಸಿದರೆ ಮಾತ್ರ ವಾರಂಟಿ ಎಂದು ಕಂಪನಿ ಷರತ್ತು ಹಾಕಬೇಕಾದರೆ ಆ ಭಾಗವನ್ನೂ ಸರ್ವಿಸನ್ನೂ ಉಚಿತವಾಗಿ ಕೊಡಬೇಕು, ಇಲ್ಲವೇ ಅಲ್ಲಿನ ವ್ಯಾಪಾರ ಆಯೋಗದಿಂದ ವಿಶೇಷ ವಿನಾಯಿತಿ ಪಡೆದಿರಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರ್ 24ರ ಗ್ರಾಹಕರ ದಿನದಂದು ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ಅದರ ವ್ಯಾಪ್ತಿಯಲ್ಲಿ ನಾಲ್ಕು ವಲಯಗಳಿವೆ: ಕೃಷಿ ಉಪಕರಣ, ಮೊಬೈಲ್, ಮನೆಬಳಕೆಯ ವಸ್ತು, ವಾಹನ. ಟ್ರ್ಯಾಕ್ಟರ್ ಇಟ್ಟ ರೈತರು ಕಾರಿನವರ ಜೊತೆ ಒಂದೇ ಸಾಲಿನಲ್ಲಿ ನಿಂತಿದ್ದಾರೆ ಎಂಬುದನ್ನು ನಮ್ಮ ಕಡೆಯವರು ಗಮನಿಸಬೇಕು.

ಹಾಗಾದರೆ ಗೆದ್ದೆವು ಅಂತಲೇ? ನಿಲ್ಲಿ. ನಮ್ಮ ಕಾರಿನ ಪುಸ್ತಕದಲ್ಲಿ ಅಧಿಕೃತ ವರ್ಕ್‌ಶಾಪಿನಲ್ಲೇ ಸರ್ವಿಸ್ ಮಾಡಿಸಬೇಕೆಂಬ ಸಾಲು ಇವತ್ತಿಗೂ ಇದೆ. ಕೌಂಟರ್‌ನಲ್ಲಿ ಕೂತ ಹುಡುಗ ಆ ಸಾಲು ತೋರಿಸುತ್ತಾನೆ. ಅವನಿಗೆ ಸ್ಪರ್ಧಾ ಆಯೋಗದ ಆದೇಶ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅದರ ಮೇಲೆ ತೀರ್ಮಾನ ಮಾಡುವ ಅಧಿಕಾರ ಅವನಿಗಿಲ್ಲ. ಆ ಆದೇಶ ಕಂಪನಿಗಳ ನಡವಳಿಕೆಯ ಬಗ್ಗೆ ಇರುವಂಥದ್ದು. ನಮ್ಮ ಒಂದು ಕಾರಿನ ಒಂದು ಜಗಳ ತೀರಬೇಕಾದ್ದು ಗ್ರಾಹಕ ಆಯೋಗದಲ್ಲಿ. ಅಲ್ಲಿ ಕೇಳುವುದು ತತ್ವವನ್ನಲ್ಲ, ಕಾಗದವನ್ನು.

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕುಂದಗೋಳ ತಾಲ್ಲೂಕಿನ ನಮ್ಮ ಪರಿಚಯದ ರೈತ ಕುಟುಂಬವೊಂದರಲ್ಲಿ ಕಂಡೆವು. ಮೆಣಸಿನಕಾಯಿಗೆ ಒಳ್ಳೆಯ ರೇಟು ಬಂದ ವರ್ಷ ಕೊಂಡ ಕಾರು. ಉಚಿತ ಸರ್ವಿಸ್ ಮುಗಿದ ಮೇಲೆ ಊರ ಹತ್ತಿರದ ಮೆಕ್ಯಾನಿಕ್ ಕಡೆ ಹೊತ್ತು ಹೊತ್ತಿಗೆ ಆಯಿಲ್ ಬದಲಿಸಿದ್ದರು. ನಾವೇ ಎರಡು ಸಲ ನೋಡಿದ್ದೇವೆ. ಮೂರನೆಯ ವರ್ಷ ಎಂಜಿನ್ನಿನಲ್ಲಿ ಬಡಿತ ಶುರುವಾಯಿತು. ವರ್ಕ್‌ಶಾಪಿನವರು ಕೇಳಿದ್ದು ಒಂದೇ: ಕಳೆದ ಸರ್ವಿಸ್‌ಗಳ ಬಿಲ್ ಕೊಡಿ. ಮೆಕ್ಯಾನಿಕ್ ಬಿಲ್ ಕೊಟ್ಟಿರಲಿಲ್ಲ, ಇವರು ಕೇಳಿರಲಿಲ್ಲ. ಆಯಿಲ್ ಡಬ್ಬಿ ಹೊಲದಲ್ಲಿ ಔಷಧ ತುಂಬಲು ಹೋಗಿತ್ತು. ವಾರಂಟಿ ಸಿಗಲಿಲ್ಲ. ಎಂಜಿನ್ ಬಿಚ್ಚಿ ಕಟ್ಟಿಸಲು ಮನೆಯವರು ಬಂಗಾರ ಒತ್ತೆಯಿಟ್ಟರು. ಆ ಬಡಿತ ತಯಾರಿಕೆಯ ದೋಷವೋ ಅಲ್ಲವೋ ಎಂಬ ಪ್ರಶ್ನೆಯ ತನಕ ಮಾತು ಹೋಗಲೇ ಇಲ್ಲ. ಬಾಗಿಲಲ್ಲೇ ನಿಂತಿತು.

ಆ ಮನೆಯವರು ಸರ್ವಿಸ್ ತಪ್ಪಿಸಿರಲಿಲ್ಲ. ಡೀಲರನ್ನು ತಪ್ಪಿಸಿದ್ದರು. ಆದರೆ ಬಿಲ್ ಇಲ್ಲದ ಸರ್ವಿಸ್, ಆಗದ ಸರ್ವಿಸ್‌ಗೆ ಸಮ. ವಾರಂಟಿಯನ್ನು ಕೊಲ್ಲುವುದು ಹೊರಗಿನ ಗ್ಯಾರೇಜ್ ಅಲ್ಲ, ಬಿಲ್ ಇಲ್ಲದ ಗ್ಯಾರೇಜ್.

ಆ ಮನೆಯ ಅನುಭವ ಕಣ್ಣೆದುರಿಗಿತ್ತು. ಆದ್ದರಿಂದ ನಾವು 20,000 ಮತ್ತು 30,000ದ ಸರ್ವಿಸ್‌ಗಳನ್ನು ನವಲಗುಂದ ರಸ್ತೆಯ ಗ್ಯಾರೇಜಿನಲ್ಲಿ ಮಾಡಿಸುವಾಗ ಮೊದಲೇ ಒಪ್ಪಂದ ಮಾಡಿಕೊಂಡೆವು: ಬಿಲ್ ಬೇಕು. ಬಿಲ್‌ನಲ್ಲಿ ಏನಿರಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ತಾರೀಖು, ಗಾಡಿ ನಂಬರ್, ಅಂದಿನ ಕಿಲೋಮೀಟರ್, ಹಾಕಿದ ಆಯಿಲ್‌ನ ಕಂಪನಿ, ದರ್ಜೆ ಮತ್ತು ಎಷ್ಟು ಲೀಟರ್, ಫಿಲ್ಟರ್‌ಗಳ ಪಾರ್ಟ್ ನಂಬರ್, ಮಾಡಿದ ತಪಾಸಣೆಗಳು, ಸಹಿ, ಮೊಹರು. ಆಯಿಲ್ ದರ್ಜೆಯ ವಿಷಯದಲ್ಲಿ ರಾಜಿ ಬೇಡ. ಈಗಿನ ಸಣ್ಣ ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯೂ-16, 0ಡಬ್ಲ್ಯೂ-20 ಎಂಬಂಥ ತೆಳು ಆಯಿಲ್ ಹೇಳಿರುತ್ತಾರೆ. ‘ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪನ್ನ ಹಾಕೋಣ್ರಿ’ ಎಂದು ಹಳೆಯ ಮೆಕ್ಯಾನಿಕ್ ಪ್ರೀತಿಯಿಂದಲೇ ಹೇಳುತ್ತಾನೆ. ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿಸಿ. ಬೇರೆ ಹಾಕಿದರೆ ಕಂಪನಿಗೆ ಒಂದು ನಿಜವಾದ ಕಾರಣವನ್ನು ನಾವೇ ಕೊಟ್ಟ ಹಾಗಾಗುತ್ತದೆ.

ಆಯಿಲ್ ಮತ್ತು ಫಿಲ್ಟರ್ ಕೊಂಡ ಅಂಗಡಿಯ ಬಿಲ್ ಬೇರೆ ಇಟ್ಟೆವು. ಡಬ್ಬಿಯ ಲೇಬಲ್, ಮೀಟರಿನ ಅಂಕಿ, ಬಿಚ್ಚಿದ ಹಳೆಯ ಫಿಲ್ಟರ್ ಮೂರನ್ನೂ ಫೋಟೊ ತೆಗೆದೆವು. ಸುದ್ದಿಗೆ ಫೋಟೊ ತೆಗೆದು ಅಭ್ಯಾಸವಾದ ಕೈ, ಎರಡು ನಿಮಿಷದ ಕೆಲಸ.

34,000 ಕಿಲೋಮೀಟರ್ ಆಗಿದ್ದಾಗ, ಕೊಂಡು ಎರಡು ವರ್ಷ ತುಂಬುವ ಮೊದಲು, ಎಡಬದಿಯ ಕಿಟಕಿಯ ಗಾಜು ಏರಿಸುವ ಮೋಟರ್ ನಿಂತಿತು. ಮಳೆಗಾಲ. ಗಾಜು ಅರ್ಧಕ್ಕೆ ನಿಂತು ಸೀಟು ತೊಯ್ಯುತ್ತಿತ್ತು. ವಾರಂಟಿ ಮೂರು ವರ್ಷದ್ದು. ಡೀಲರ್ ವರ್ಕ್‌ಶಾಪಿಗೆ ಒಯ್ದೆವು. ಕಂಪ್ಯೂಟರ್‌ನಲ್ಲಿ ನೋಡಿ, ‘ನಿಮ್ದು ಎರಡು ಸರ್ವಿಸ್ ಮಿಸ್ ಆಗ್ಯಾವ್ರಿ, ವಾರಂಟಿ ಬರಂಗಿಲ್ಲ’ ಅಂದರು. ಮಿಸ್ ಆಗಿಲ್ಲ, ಹೊರಗೆ ಆಗಿವೆ ಎಂದು ಬಿಲ್ ಮುಂದಿಟ್ಟೆವು. ಹೊರಗೆ ಆದರೆ ಬರುವುದಿಲ್ಲ ಅಂದರು. ನಾವು ಜಗಳ ಮಾಡಲಿಲ್ಲ. ‘ಯಾವ ಕಾರಣಕ್ಕೆ ಬರಂಗಿಲ್ಲ ಅನ್ನೋದನ್ನ ಜಾಬ್ ಕಾರ್ಡ್ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ’ ಎಂದೆವು. ಕೌಂಟರಿನ ಹಿಂದೆ ಸ್ವಲ್ಪ ಹೊತ್ತು ಓಡಾಟ ನಡೆಯಿತು. ಕೊನೆಗೆ ‘ಹೊರಗಡೆ ಸರ್ವಿಸ್’ ಎಂದು ಎರಡು ಪದ ಬರೆದುಕೊಟ್ಟರು.

ಆ ಎರಡು ಪದಗಳೇ ನಮಗೆ ಬೇಕಿದ್ದದ್ದು. ಅದೇ ರಾತ್ರಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಮಿಂಚಂಚೆ ಕಳಿಸಿದೆವು. ಜಾಬ್ ಕಾರ್ಡ್, ಎರಡು ಬಿಲ್, ಫೋಟೊಗಳು, 2014ರ ಆದೇಶದ ಉಲ್ಲೇಖ, ಜೊತೆಗೆ ಒಂದೇ ಪ್ರಶ್ನೆ: ಎಂಜಿನ್ ಆಯಿಲ್ ಬದಲಿಸಿದ್ದರಿಂದ ಕಿಟಕಿಯ ಮೋಟರ್ ಕೆಟ್ಟದ್ದು ಹೇಗೆ? ಎರಡನೆಯ ದಿನ ಸಿದ್ಧ ಉತ್ತರ ಬಂತು. ಅದಕ್ಕೆ ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿದೆವು. ಹನ್ನೊಂದನೆಯ ದಿನ ವರ್ಕ್‌ಶಾಪಿನಿಂದಲೇ ಫೋನ್ ಬಂತು, ಗಾಡಿ ತನ್ನಿ ಎಂದು. ಮೋಟರ್ ಬದಲಾಯಿತು. ಬಿಲ್ಲಿನ ಕೊನೆಗೆ ಸೊನ್ನೆ ಇತ್ತು.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಕಿಟಕಿಯ ಮೋಟರಿಗೂ ಆಯಿಲ್‌ಗೂ ಸಂಬಂಧವಿಲ್ಲ ಎಂಬುದು ಮಗುವಿಗೂ ತಿಳಿಯುತ್ತದೆ. ಎಂಜಿನ್, ಗೇರ್‌ಬಾಕ್ಸ್, ಟರ್ಬೊ ಆಗಿದ್ದರೆ ವಾದ ಗಟ್ಟಿಯಾಗಿರುತ್ತಿತ್ತು. ಅಲ್ಲಿ ಹೊರಗಿನ ಕೆಲಸಕ್ಕೂ ಹಾನಿಗೂ ಸಂಬಂಧವಿದೆ ಎಂದು ಕಂಪನಿ ಹೇಳಲು ಜಾಗ ಹೆಚ್ಚು. ಅದಕ್ಕೇ ಆಯಿಲ್ ಬಿಲ್ ಹೆಚ್ಚು ಮುಖ್ಯ.

ಕಂಪನಿ ಒಪ್ಪದಿದ್ದರೆ ಮುಂದೇನು? ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸುತ್ತದೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಅದೂ ಆಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಯಾದ ಮೇಲೆ, ನೀವು ವಾಸ ಮಾಡುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಇರುವ ಊರಿಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ. ಶುಲ್ಕ 5 ಲಕ್ಷದವರೆಗೆ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ದೋಷ ಏನೆಂದು ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಅದರ ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಇನ್ನೊಂದು ಮಾತು. ಡೀಲರ್ ಮತ್ತು ಕಂಪನಿ ಬೇರೆ ಬೇರೆ. ಗೋವಾದ ಪ್ರಕರಣವೊಂದರಲ್ಲಿ ಡೀಲರ್ ಹಳೆಯ ವರ್ಷದ ಕಾರನ್ನು ಹೊಸ ವರ್ಷದ್ದೆಂದು ಕೊಟ್ಟಿದ್ದ. 2021ರಲ್ಲಿ ಸುಪ್ರೀಂ ಕೋರ್ಟ್, ಡೀಲರ್ ಮಾಡಿದ ಆ ಕೆಲಸ ತಯಾರಕ ಕಂಪನಿಗೆ ಗೊತ್ತಿತ್ತು ಎಂದು ತೋರಿಸದ ಹೊರತು ಕಂಪನಿಯನ್ನು ಹೊಣೆ ಮಾಡಲಾಗದು ಎಂದಿತು. ಆದ್ದರಿಂದ ಕೌಂಟರಿನಲ್ಲಿ ಜಗಳವಾಡಿ ಮನೆಗೆ ಬರುವುದರಿಂದ ಪ್ರಯೋಜನವಿಲ್ಲ. ಕಂಪನಿಗೇ ಬರೆಯಿರಿ, ಅವರಿಗೆ ಗೊತ್ತಾಗಲಿ, ಗೊತ್ತಾದದ್ದಕ್ಕೆ ದಾಖಲೆ ಇರಲಿ. ದೂರು ಕೊಡುವಾಗ ಇಬ್ಬರನ್ನೂ ಸೇರಿಸಿ.

ಯಾವುದಕ್ಕೆ ಡೀಲರ್ ಕಡೆಯೇ ಹೋಗಬೇಕು ಎಂಬುದನ್ನೂ ಹೇಳಿಬಿಡುತ್ತೇವೆ. ಉಚಿತ ಸರ್ವಿಸ್ ಬಿಡಬೇಡಿ, ಅದರ ದುಡ್ಡು ಕಾರಿನ ಬೆಲೆಯಲ್ಲೇ ಸೇರಿದೆ. ಏರ್‌ಬ್ಯಾಗ್, ಎಬಿಎಸ್, ಸಾಫ್ಟ್‌ವೇರ್, ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಬ್ಯಾಟರಿಗೆ ಅಲ್ಲಿಯೇ ಹೋಗಿ. ರೀಕಾಲ್ ಬಂದರೆ ತಪ್ಪದೆ ಹೋಗಿ. ಅದು ಕಂಪನಿ ತನ್ನ ತಪ್ಪು ತಿದ್ದುವ ಕೆಲಸ, ನಿಮ್ಮ ಸರ್ವಿಸ್ ಪುಸ್ತಕಕ್ಕೂ ಅದಕ್ಕೂ ಸಂಬಂಧವಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ವಾರಂಟಿ ಬೇರೆಯೇ ಒಪ್ಪಂದ, ಅದರ ಷರತ್ತುಗಳನ್ನು ಬೇರೆಯೇ ಓದಿ. ಬ್ರೇಕ್ ಪ್ಯಾಡ್, ಕ್ಲಚ್, ವೈಪರ್ ಸವೆಯುವ ವಸ್ತುಗಳು. ಅವು ಸವೆದಾಗ ಎಲ್ಲಿ ಸರ್ವಿಸ್ ಮಾಡಿಸಿದ್ದರೂ ಸಾಮಾನ್ಯವಾಗಿ ವಾರಂಟಿ ಬರುವುದಿಲ್ಲ. ವೈರ್ ಕತ್ತರಿಸಿ ಹಾಕಿದ ಹೆಚ್ಚುವರಿ ಲೈಟು, ದೊಡ್ಡ ಹಾರ್ನು, ಹೊರಗೆ ಕೂರಿಸಿದ ಗ್ಯಾಸ್ ಕಿಟ್, ಇವುಗಳಿಂದ ವೈರಿಂಗ್ ಸುಟ್ಟರೆ ಕಂಪನಿ ಕೈಯೆತ್ತುವುದು ನ್ಯಾಯವೇ. ಜಾತ್ರೆಗೆ ಹೋಗುವ ಮುಂಚೆ ಹಾರ್ನ್ ಹಾಕಿಸಿಕೊಳ್ಳುವ ನಮ್ಮ ತಮ್ಮಂದಿರು ಇದನ್ನು ಕೇಳಿಸಿಕೊಳ್ಳಬೇಕು.

ಕೊನೆಗೆ ಮೆಕ್ಯಾನಿಕ್‌ಗಳ ಮಾತು. ಈ ಇಡೀ ವಿಷಯದಲ್ಲಿ ಯಾರೂ ಕೇಳದವರು ಅವರು. ಹಿಂದೆ ಎರಡು ವರ್ಷವಿದ್ದ ವಾರಂಟಿ ಈಗ ಹಲವು ಕಾರುಗಳಿಗೆ ಮೂರು ವರ್ಷ, ದುಡ್ಡು ಕೊಟ್ಟರೆ ಇನ್ನೂ ಹೆಚ್ಚು. ಗಿರಾಕಿಗೆ ಅದು ಲಾಭ. ಆದರೆ ‘ಹೊರಗ ಮಾಡಿಸಿದ್ರ ಹೋತ್ರಿ’ ಎಂಬ ಹೆದರಿಕೆ ಜೊತೆಗಿದ್ದರೆ, ಅಷ್ಟೂ ವರ್ಷ ಒಂದು ಹೊಸ ಕಾರೂ ಊರ ಗ್ಯಾರೇಜಿನ ಮುಂದೆ ನಿಲ್ಲುವುದಿಲ್ಲ. ಹೊಸ ಕಾರು ಮುಟ್ಟದ ಮೆಕ್ಯಾನಿಕ್ ಹೊಸ ತಂತ್ರ ಕಲಿಯುವುದಿಲ್ಲ. ಕಲಿಯದವನ ಕಡೆ ಮುಂದೆ ಯಾರೂ ಹೋಗುವುದಿಲ್ಲ. ಐಟಿಐ ಮುಗಿಸಿ ಸ್ವಂತ ಶೆಡ್ ಹಾಕಿದ ಹುಡುಗರು ಹೀಗೆ ನಿಧಾನವಾಗಿ ಪಂಕ್ಚರ್ ಅಂಗಡಿಗೆ ಇಳಿಯುವುದನ್ನು ನಮ್ಮ ತಾಲ್ಲೂಕುಗಳಲ್ಲಿ ನೋಡುತ್ತಿದ್ದೇವೆ.

ನವಲಗುಂದ ರಸ್ತೆಯ ಮೆಕ್ಯಾನಿಕ್ ಬಿಲ್ ಪುಸ್ತಕ ಎಂದಾಗ ಮೊದಲು ನಕ್ಕಿದ್ದ. ‘ಬಿಲ್ ಅಂದ್ರ ಟ್ಯಾಕ್ಸ್‌ನವ್ರು ಬರ್ತಾರ್ರಿ’ ಎಂಬುದು ಅವನ ಹೆದರಿಕೆ. ಅವನ ವಹಿವಾಟಿಗೆ ಜಿಎಸ್‌ಟಿ ನೋಂದಣಿಯ ಮಿತಿ ಎಷ್ಟೋ ದೂರ ಇದೆ, ಸಾದಾ ಬಿಲ್ ಕೊಡಲು ಯಾವ ಅಡ್ಡಿಯೂ ಇಲ್ಲ ಎಂದು ತೆರಿಗೆ ಸಲಹೆಗಾರರೊಬ್ಬರಿಂದ ಫೋನಿನಲ್ಲೇ ಹೇಳಿಸಿದೆವು. ಹುಬ್ಬಳ್ಳಿಯ ಸಣ್ಣ ಪ್ರೆಸ್ ಒಂದರಲ್ಲಿ ಗ್ಯಾರೇಜಿನ ಹೆಸರು ಹಾಕಿಸಿ ಎರಡು ಪುಸ್ತಕ ಅಚ್ಚು ಹಾಕಿಸಿಕೊಂಡ. ಆಯಿಲ್ ದರ್ಜೆಗೆ ಒಂದು ಕಾಲಂ, ಕಿಲೋಮೀಟರ್‌ಗೆ ಒಂದು ಕಾಲಂ, ಪಾರ್ಟ್ ನಂಬರ್‌ಗೆ ಒಂದು. ಈಗ ಟ್ಯಾಕ್ಸಿಯವರೂ ಬಿಲ್ ಕೇಳಿ ಪಡೆಯುತ್ತಾರಂತೆ.

ನಿಮ್ಮ ಊರಿನಲ್ಲೂ ಇಂಥ ಒಬ್ಬ ಮೆಕ್ಯಾನಿಕ್ ಇರುತ್ತಾನೆ. ಹೊಸ ಕಾರು ಒಯ್ಯುವ ಮೊದಲು ಅವನಿಗೆ ಒಂದು ಬಿಲ್ ಪುಸ್ತಕ ಮಾಡಿಸಲು ಹೇಳಿ. ಡೀಲರ್ ಕಡೆಯೇ ಹೋಗುವವರಾದರೆ, ಕಾರಿನ ಪುಸ್ತಕ ಕೈಯಲ್ಲಿ ಹಿಡಿದು ಹೋಗಿ, ಪಟ್ಟಿಯಲ್ಲಿ ಪುಸ್ತಕದಲ್ಲಿಲ್ಲದ್ದನ್ನು ಹೊಡೆದುಹಾಕಿಸಿ. ಎರಡೂ ಕಡೆ ಬಿಲ್ ಪಡೆದು ಜೋಪಾನವಾಗಿಡಿ. ಯಾರಾದರೂ ವಾರಂಟಿ ಬರುವುದಿಲ್ಲ ಎಂದರೆ, ಕಾರಣವನ್ನು ಬರೆದು ಸಹಿ ಮಾಡಿ ಕೊಡಿ ಎಂದು ಕೇಳಿ.